ಬಲದಿಂದ ಎಡಕ್ಕೆ

ಹೂಡಿಯ ಅಪಾರ್ಟ್‌ಮೆಂಟಿನ ಶಾಂಭವಿ ಮೇಡಂ ಜಪಾನಿನ ಚಿತ್ರಕಥೆಗಳ ಪ್ರೊಫೆಸರು. ಅವನ್ನು ಬಲದಿಂದ ಎಡಕ್ಕೆ ಓದಬೇಕು. ತಪ್ಪಿದರೆ ಕುಲಪತಿಯನ್ನೂ ಬಿಡುವವರಲ್ಲ. "ಕಾರ್ಟೂನ್ ನೋಡಕ್ಕೂ ಸಂಬಳಾನಾ?" ಎಂದು ಲಿಫ್ಟಿನಲ್ಲಿ ಯಾರಾದರೂ ನಕ್ಕರೆ, "ಹೂಂ ಕಣ್ರೀ, ನೀವು ದಿನವಿಡೀ ಎಕ್ಸೆಲ್ ನೋಡಲ್ವಾ?" ಎನ್ನುತ್ತಾರೆ. ಮಾತಿಲ್ಲದ ಪುಟ ಸಿಕ್ಕರೆ ಅಡುಗೆಯ ಬಸಕ್ಕನಿಗೆ ತೋರಿಸಿ ಕಥೆ ಹೇಳಿಸುತ್ತಾರೆ. ಅವಳು ಎಡದಿಂದ ಶುರುಮಾಡಿದರೆ, "ಬಲದಿಂದ ಅಕ್ಕಾ, ಬಲದಿಂದ!" ಎಂದು ಅಡುಗೆಮನೆ ನಡುಗಿಸುತ್ತಾರೆ. ಗಂಡ ನೀಲಪ್ಪ ತೀರಿಕೊಂಡು ತಿಂಗಳಾದ ಮೇಲೆ ಬಸಕ್ಕ ಕೆಲಸಕ್ಕೆ ಮರಳಿದಳು. ಅಂದಿನ ಪುಟದಲ್ಲಿ, ಬಲಗಡೆಯ ಚಿತ್ರದಲ್ಲಿ ಗಂಡನೊಬ್ಬ ಹೊಸ್ತಿಲಲ್ಲಿ ಹೆಂಡತಿಯ ಕೈ ಹಿಡಿದಿದ್ದ; ನಡುವೆ ಬೀದಿಯಲ್ಲಿ ಒಬ್ಬನೇ ಇದ್ದ; ಎಡಗಡೆ ಬರೀ ಬೀದಿ. ಬಸಕ್ಕ ಎಡದಿಂದಲೇ ಬೆರಳಾಡಿಸಿದಳು. "ಮದ್ಲ ಬೀದಿ ಖಾಲಿ ಇತ್ರೀ. ಆಮ್ಯಾಲ ಗಂಡ ಬಂದ. ಈಗ ನೋಡ್ರೀ, ಮನಿ ಸೇರ್ಯಾನ!" ತಿಂಗಳ ಮೇಲೆ ಅವಳು ನಕ್ಕಳು. ಮೇಡಂ ತಿದ್ದಲು ಬಾಯಿ ತೆರೆದರು. "ಹೌದಕ್ಕ, ಸೇರಿದ" ಎಂದರು.