ಮೂರು ಡಬ್ಬಿ ಬರ್ಲಿ ಹೊಗೆಸೊಪ್ಪು

ನಮ್ಮದು ಚನ್ನಪಟ್ಟಣದಲ್ಲಿ ಬೊಂಬೆ ಕೆಲಸದ ಮನೆ. ನಮ್ಮೆಜಮಾನರು ಇನ್ನೊಬ್ಬರ ಕಾರ್ಖಾನೆಯ ಕೂಲಿ ಬಿಟ್ಟು ಮನೆಯ ಹಜಾರದಲ್ಲೇ ಮರ ಕಡೆಯುವ ಸ್ವಂತ ಲೇತು ಹಾಕಿಕೊಂಡ ವರ್ಷ ಅದು. ಒಂದು ದೊಡ್ಡ ಆರ್ಡರು ಸಿಗದಿದ್ದರೆ ತಿರುಗಿ ಕೂಲಿಗೇ ಹೋಗಬೇಕಿತ್ತು. ಅಂಥ ಹೊತ್ತಿಗೆ ಬೆಂಗಳೂರಿನಿಂದ ಒಬ್ಬ ಸಾಹೇಬರು ಬಂದರು. ಅವರಿಗೆ ಬೊಂಬೆ ಬೇಡವಂತೆ, ಹೊಗೆ ಸೇದುವ ಪೈಪು ಬೇಕಂತೆ, ಅದೂ ನೂರು.

ಬೀಟೆ ಮರದ ತುಂಡು, ಬಾಯಿಗಿಡುವ ಕೊಳವೆ, ಮೂರು ಡಬ್ಬಿ ಹೊಗೆಸೊಪ್ಪು ಕೊಟ್ಟರು. ಮೂರೂ ಬರ್ಲಿ ಅನ್ನುವ ಜಾತಿಯ ಸೊಪ್ಪೇ, ಬೆರಕೆ ಮಾತ್ರ ಬೇರೆ ಬೇರೆಯಂತೆ. ಪೈಪು ಹೊಗೆಯ ರುಚಿ ಕೆಡಿಸಬಾರದು, ಮಾದರಿಗೊಂದು ಪೈಪು ಮಾಡಿ, ಅದರಲ್ಲಿ ನೀವೇ ಮೂರನ್ನೂ ಸೇದಿ ಯಾವುದು ಹೇಗಿದೆ ಅಂತ ಭಾನುವಾರ ಹೇಳಿ, ಸರಿಯಾಗಿ ಹೇಳಿದರೆ ಆರ್ಡರು ನಿಮ್ಮದೇ ಅಂದು ಹೊರಟರು. ಇದೆಂಥ ಪರೀಕ್ಷೆಯೋ ದೇವರೇ! ನಮ್ಮವರು ಬೀಡಿ ಬಿಟ್ಟರೆ ಬೇರೇನೂ ಸೇದಿದವರಲ್ಲ.

ಎರಡು ದಿನದಲ್ಲಿ ಪೈಪು ಕಡೆದರು. ಬೊಂಬೆಗೆ ಬಣ್ಣ ಕಟ್ಟುವ ಹಾಗೇ ಕೆಂಪು ಅರಗು ಹಿಡಿಸಿ, ತಾಳೆಗರಿಯಲ್ಲಿ ಉಜ್ಜಿ, ಮುಖ ಕಾಣುವಷ್ಟು ಹೊಳಪು ಬರಿಸಿದರು. ಮೊದಲ ಡಬ್ಬಿಯದನ್ನು ತುಂಬಿ ಹಚ್ಚಿದರು, ಆಮೇಲೆ ಎರಡನೆಯದು, ಮೂರನೆಯದು. ಎಲ್ಲಾ ಒಂದೇ ಅಂದರು. ನನ್ನ ಮೂಗಿಗೂ ಒಂದೇ. ಮುಚ್ಚಳ ತೆಗೆದರೆ ಮೂರೂ ಮೂರು ಥರ, ಬೆಂಕಿ ಬಿದ್ದ ಕೂಡಲೇ ಒಂದೇ ಥರ. ಯೋಚಿಸಿ ಯೋಚಿಸಿ ನನ್ನ ತಲೆ ಕೆಟ್ಟುಹೋಯಿತು. ಸೊಪ್ಪೇ ಸರಿಯಿಲ್ಲ, ಸಾಹೇಬರು ನಮ್ಮನ್ನು ಆಟ ಆಡಿಸುತ್ತಿದ್ದಾರೆ ಅಂತ ಇವರು ರೇಗಿದರು.

ನಮ್ಮತ್ತೆ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಂಡೇ ಮುದುಕಿಯಾದವರು. ಮೂರು ಡಬ್ಬಿಯಿಂದಲೂ ಒಂದೊಂದು ಚಿಟಿಕೆ ತೆಗೆದು, ಸುಣ್ಣ ಹಚ್ಚಿ, ದವಡೆಗಿಟ್ಟು ಉಗಿದು ನೋಡಿದರು. ಒಂದು ಹುರಿದ ಕಡ್ಲೆಕಾಯಿಯಂತೆ, ಇನ್ನೊಂದು ಆಲೆಮನೆಯ ಬೆಲ್ಲದಂತೆ, ಮೂರನೆಯದು ಒಣಹುಲ್ಲಿನ ವಾಸನೆ, ಘಾಟು ಜಾಸ್ತಿ ಅಂತ ತೀರ್ಪು ಕೊಟ್ಟರು. ಆಮೇಲೆ ಪೈಪಿನೊಳಗೆ ಬೆರಳು ಹಾಕಿ ತಿರುವಿದರು. ಬೆರಳಿಗೆ ಕೆಂಪಗೆ ಅಂಟಿಕೊಂಡು ಬಂತು.

"ಕುಣಿಯಕ್ಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ. ಒಳಗೂ ಅರಗು ಮೆತ್ತಿದೀಯಲ್ಲ ಮಗ," ಅಂದರು.

ಒಳಗೂ ಹಿಡಿಸಿ ಅಂದವಳು ನಾನೇ. ಅರಗು ಕಾಣದ ಮರ ನಮ್ಮ ಮನೆಯಿಂದ ಆಚೆ ಹೋದದ್ದೇ ಇಲ್ಲ. ಬೆಂಕಿ ಇಡುವ ಜಾಗ ಅನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ. ಮೂರು ಸಲವೂ ನಾವು ಮೂಸಿದ್ದು ಸುಟ್ಟ ಅರಗನ್ನು.

ಶನಿವಾರ ಇನ್ನೊಂದು ಪೈಪು ಆಯಿತು, ಒಳಗೆ ಬರೀ ಮರ. ಹಚ್ಚಿದರೆ ಹಜಾರದ ತುಂಬ ಕಡ್ಲೆಕಾಯಿ ಹುರಿದ ವಾಸನೆ! ಎರಡನೆಯದಕ್ಕೆ ಬೆಲ್ಲ, ಮೂರನೆಯದಕ್ಕೆ ಒಣಹುಲ್ಲು, ಥೇಟ್ ಅತ್ತೆ ಹೇಳಿದ ಹಾಗೇ. ನಾನು ಕುಣಿಯುವುದೊಂದು ಬಾಕಿ. ಇವರು ಮಾತ್ರ ಮತ್ತೆ ಎಲ್ಲಾ ಒಂದೇ ಅಂದರು. ಇದೇನು ಹುಚ್ಚೋ, ನನಗಂತೂ ಅರ್ಥವಾಗಲಿಲ್ಲ. ಬೆಳಗಾದರೆ ಸಾಹೇಬರು ಬರುತ್ತಾರೆ. ನನಗೆ ಪಿತ್ತ ನೆತ್ತಿಗೇರಿ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂದುಬಿಟ್ಟೆ.

ಬೇರೆ ದಿನವಾಗಿದ್ದರೆ ಒಂದಕ್ಕೆರಡು ತಿರುಗಿ ಅನ್ನುತ್ತಿದ್ದರು. ಅವತ್ತು ಪೈಪು ಕೆಳಗಿಟ್ಟು ಕೈ ನೋಡುತ್ತಾ ಕೂತರು.

"ನಂಗೆ ವಾಸ್ನೇನೇ ತಿಳಿಯಾಕಿಲ್ಲ ಕಣಮ್ಮಿ. ಸ್ಯಾನೆ ವರ್ಸ ಆಯ್ತು."

ಅರಗಿನ ಹೊಗೆಯೋ, ಬೀಡಿಯೋ, ಯಾವುದೋ ಜ್ವರವೋ, ಅವರಿಗೂ ಗೊತ್ತಿರಲಿಲ್ಲ. ನನಗೆ ನಂಬುವುದಕ್ಕೇ ಆಗಲಿಲ್ಲ. ದಿನಾ ಒಗ್ಗರಣೆ ಹಾಕಿದ ಕೂಡಲೇ ಲೇತಿನ ಮುಂದೆ ಕೂತೇ ಸಾರು ಘಮ್ ಅಂತೈತೆ ಅಂತ ಕೂಗುತ್ತಿದ್ದವರು ಇವರೇ ಅಲ್ಲವೇ?

"ಹಂಗಾರೆ ನನ್ ಸಾರು?" ಅಂದೆ.

"ಒಗ್ಗರಣೆ ಸದ್ದು ಕೇಳ್ತಿತ್ತಲ್ಲ. ಅದ ಕೇಳ್ಕಂಡು ಹೇಳ್ತಿದ್ದೆ."

ಸಿಟ್ಟು ಮಾಡಿಕೊಳ್ಳಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಲು ಸೀದ ದಿನ, ಬಸ್ಸಾರು ಹಳಸಿದ ದಿನ ಇವರು ಮಾತಾಡದೆ ಉಂಡೆದ್ದದ್ದು ಒಂದೊಂದೇ ನೆನಪಾಯಿತು. ಒಳ್ಳೆಯ ಗಂಡ ಅಂತ ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಕತ್ತೆ ಅಂದ ಬಾಯಿಗೆ ಏನು ಶಿಕ್ಷೆ ಕೊಟ್ಟುಕೊಳ್ಳಲಿ?

ಭಾನುವಾರ ಸಾಹೇಬರು ಬಂದಾಗ ಇವರು ನನ್ನನ್ನು ಅಡುಗೆಮನೆಯಿಂದ ಕರೆದು, ಇವಳನ್ನೇ ಕೇಳಿ ಅಂದರು. ಕಡ್ಲೆಕಾಯಿ, ಬೆಲ್ಲ, ಒಣಹುಲ್ಲು ಅಂತ ಒಂದೊಂದೇ ಡಬ್ಬಿ ತೋರಿಸಿ ಹೇಳಿದೆ. ಸಾಹೇಬರು ತಾವೇ ಒಂದು ಸಲ ಸೇದಿ ನೋಡಿ, ತಲೆಯಾಡಿಸಿ, ನೂರು ಪೈಪಿಗೂ ಒಪ್ಪಿಕೊಂಡರು.

ಅವರು ಹೋದ ಮೇಲೆ ಸಾರಿಗೆ ಒಗ್ಗರಣೆ ಹಾಕಿದೆ. ಚುಂಯ್ ಅಂತು. ಹಜಾರದಿಂದ ಮಾತೇ ಇಲ್ಲ, ಲೇತಿನ ಸದ್ದೊಂದೇ. ಸೌಟು ಹಿಡಿದು ಬಾಗಿಲಲ್ಲಿ ಕಾದೆ. ಇನ್ನು ಮುಂದೆ ಇವರು ಹೇಳುವುದಿಲ್ಲ ಅಂತ ಆಗ ಗೊತ್ತಾಯಿತು. ಕೊನೆಗೆ ನಾನೇ ಕೂಗಿ ಹೇಳಿದೆ:

"ಬೆಳ್ಳುಳ್ಳಿ ಹಾಕಿವ್ನಿ. ಘಮ್ ಅಂತೈತೆ."