ತನಿಖೆ ಯಾರದು ಎಂದು ಕೇಳಿದ ಗುರುಗಳು

ರಾಜ್ಯಶಾಸ್ತ್ರವನ್ನು ಪರೀಕ್ಷೆಗಾಗಿ ಕಲಿಸುವವರು ನಮ್ಮ ಭಾಗದಲ್ಲಿ ಅನೇಕರಿದ್ದಾರೆ. ಪೊಲೀಸ್ ಠಾಣೆಯ ಬಾಗಿಲಲ್ಲಿ ನಿಂತವರ ಕಣ್ಣಿನಿಂದ ಅದನ್ನು ಓದಿಸಿದವರು, ನಾನು ಕಂಡಂತೆ, ಪ್ರಾ. ಶಹಾಬುದ್ದೀನ ಬಾಗವಾನ ಅವರೊಬ್ಬರೇ. ಸಿಂದಗಿಯ ಕಾಲೇಜಿನಿಂದ ಈ ವರ್ಷ ನಿವೃತ್ತರಾಗುತ್ತಿರುವ ಪೂಜ್ಯ ಗುರುಗಳ ಬಗ್ಗೆ ಬರೆಯಲು ಕುಳಿತಾಗ ಮನಸ್ಸಿನಲ್ಲಿ ಗೌರವ ತುಂಬಿದೆ. ಅವರು ಬದುಕಿಡೀ ವಾದಿಸಿದ ವಿಷಯ ಇನ್ನೂ ಇದ್ದಲ್ಲೇ ಇದೆಯಲ್ಲ ಎಂಬ ಸಿಟ್ಟೂ ಇದೆ.

ತಾಂಬಾದ ರೈತ ಮನೆತನದಿಂದ ಬಂದ ಗುರುಗಳು ಶಿಷ್ಯರ ಮನೆಯ ತನಕವೂ ಬರುವವರು. ಪದವಿ ಮುಗಿದೊಡನೆ ನನ್ನ ಮದುವೆಗೆ ಅವಸರ ಮಾಡಿದ ತಂದೆ ರಾಚಪ್ಪನವರ ಮುಂದೆ, ಹೂವಿನ ಹಿಪ್ಪರಗಿಯ ನಮ್ಮ ಪಡಸಾಲೆಯಲ್ಲಿ ಕುಳಿತು, "ಮದುವಿ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ವಿಜಯಶ್ರೀ ಮೊದಲ ವಕೀಲಕಿ ಓದ್ಲಿ" ಎಂದರು. ಚಹಾ ಆರಿಹೋದರೂ ಒಪ್ಪಿಗೆ ಸಿಗುವವರೆಗೆ ಏಳಲಿಲ್ಲ. ಇಂದು ನಾನು ಇಂಡಿಯಲ್ಲಿ ವಕೀಲಿ ಮಾಡುತ್ತಿರುವುದು ಅವರ ಆ ಹಟದಿಂದ.

ಕೇಂದ್ರದ ತನಿಖಾ ಸಂಸ್ಥೆಗಳ ಸುಧಾರಣೆ ಅವರ ಮೆಚ್ಚಿನ ವಿಷಯ. ಹಿಂದೊಮ್ಮೆ ಮುದ್ದೇಬಿಹಾಳದ ಸಂವಾದಕ್ಕೆ ಎರಡು ಪಕ್ಷಗಳ ಮುಖಂಡರನ್ನು ಕರೆದಿದ್ದರು. ಆಗ ದಿಲ್ಲಿಯಲ್ಲಿ ಅಧಿಕಾರದಲ್ಲಿದ್ದ ಪಕ್ಷದವರು ಸಂಸ್ಥೆಗೆ ಇನ್ನಷ್ಟು ಬಲ ಬೇಕೆಂದರು. ವಿರೋಧ ಪಕ್ಷದವರು, ಅದು ಸಂಸತ್ತಿಗೆ ಉತ್ತರ ಕೊಡಬೇಕು, ರಾಜ್ಯದ ಒಪ್ಪಿಗೆಯಿಲ್ಲದೆ ಒಳಗೆ ಕಾಲಿಡಬಾರದು ಎಂದರು. ಎರಡರಲ್ಲೂ ತಿರುಳಿದೆಯೆಂದು ಗುರುಗಳು ನಮಗೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಮುಂದೆ ದಿಲ್ಲಿಯಲ್ಲಿ ಸರಕಾರ ಬದಲಾಯಿತು. ಬಲ ಬೇಕೆಂದವರು ಒಪ್ಪಿಗೆಯ ಮಾತು ಹಿಡಿದರು, ಒಪ್ಪಿಗೆ ಎಂದವರಿಗೆ ಬಲ ಬೇಕಾಯಿತು. ನಾಚಿಕೆ ಮಾತ್ರ ಇಬ್ಬರಲ್ಲೂ ಕಾಣಲಿಲ್ಲ.

ಈ ಅದಲುಬದಲಿನ ಪೆಟ್ಟು ಬಿದ್ದದ್ದು ಯಂಕಂಚಿಯ ಗುಂಡವ್ವನವರಿಗೆ. ಮರಳಿನ ಲಾರಿಗಳಿಗೆ ಅಡ್ಡ ನಿಂತಿದ್ದ ಅವರ ಪತಿ ಮಾನಪ್ಪ ಕಾಣೆಯಾಗಿ, ಕೆಲವು ದಿನಗಳ ಮೇಲೆ ಭೀಮಾ ನದಿಯ ಆಚೆ, ಮಹಾರಾಷ್ಟ್ರದ ದಂಡೆಯಲ್ಲಿ ಶವವಾಗಿ ಸಿಕ್ಕರು. ಪ್ರಕರಣ ತಮ್ಮದಲ್ಲವೆಂದು ಎರಡೂ ರಾಜ್ಯಗಳ ಪೊಲೀಸರು ಕೈತೊಳೆದರು. ಕೇಂದ್ರದ ಸಂಸ್ಥೆಯೇ ತನಿಖೆ ಮಾಡಲೆಂದು ಗುಂಡವ್ವನವರ ಪರವಾಗಿ ಗುರುಗಳೂ ನಾನೂ ಬೇಡಿದೆವು. ನಮ್ಮ ರಾಜ್ಯದಲ್ಲಿ ಆಗ ಇದ್ದದ್ದು ಹೊಸದಾಗಿ ಒಪ್ಪಿಗೆಯ ಮಾತು ಹಿಡಿದವರ ಸರಕಾರ, ಅದರ ಒಪ್ಪಿಗೆ ಬರಲಿಲ್ಲ.

ಗುರುಗಳು ಬಸವನ ಬಾಗೇವಾಡಿಯಲ್ಲಿ ಮತ್ತೆ ಸಂವಾದ ಏರ್ಪಡಿಸಿ, ಅದೇ ಇಬ್ಬರು ಮುಖಂಡರನ್ನು ಕರೆದು, ಗುಂಡವ್ವನವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಮುಖಂಡರು ಒಕ್ಕೂಟ ವ್ಯವಸ್ಥೆಯ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿದರು. ಗುಂಡವ್ವನವರು ಎದ್ದು ನಿಂತರು.

"ಆ ದಂಡಿಯವ್ರು ಈ ದಂಡಿಗೆ ಹೋಗು ಅಂತಾರ, ಈ ದಂಡಿಯವ್ರು ಆ ದಂಡಿಗೆ. ನಾ ನಡುನೀರಾಗ ನಿಂದರ್ಲೇನ್ರಿ?"

"ನೋಡವ್ವಾ, ಇದು ನೀತಿಯ ಪ್ರಶ್ನಿ ಐತಿ..." ಎಂದು ಒಬ್ಬ ಮುಖಂಡರು ಆರಂಭಿಸಿದರು.

ಎಂದೂ ದನಿ ಏರಿಸದ ಗುರುಗಳು ಮೈಕು ಕಸಿದುಕೊಂಡರು. "ಸಾಕ್ ಮಾಡ್ರಿ ಸಾಹೇಬ್ರ! ನೀತಿ ನಾಳಿ ತಿದ್ದ್ರಿ. ಈ ತಾಯಿ ಗಂಡನ ಕೊಂದವ್ರನ್ನ ಯಾರು ಹುಡುಕಬೇಕು, ಅದನ್ನಷ್ಟ ಹೇಳ್ರಿ."

ಒಬ್ಬರಿಗೆ ಫೋನು ಬಂತು. ಮತ್ತೊಬ್ಬರಿಗೆ ಬೇರೆ ಕಾರ್ಯಕ್ರಮವಿತ್ತು.

ನಾವು ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋದೆವು. ಪ್ರತಿ ವಿಚಾರಣೆಗೂ ಗುರುಗಳು ರಜೆ ಹಾಕಿ ಗುಂಡವ್ವನವರೊಂದಿಗೆ ಬಸ್ಸಿನಲ್ಲಿ ಬಂದರು. ವಾದ ನಡೆಯುವಾಗ ನ್ಯಾಯಾಲಯದ ಮಾತನ್ನು ಅವರಿಗೆ ಮೆಲ್ಲನೆ ನಮ್ಮ ಮಾತಿನಲ್ಲಿ ತಿಳಿಸುತ್ತಿದ್ದರು. ಕೊನೆಗೆ ನ್ಯಾಯಾಲಯವೇ ಕೇಂದ್ರದ ಸಂಸ್ಥೆಗೆ ತನಿಖೆ ಒಪ್ಪಿಸಿತು. ಲಾರಿಗಳ ಮಾಲೀಕನೂ ಅವನ ಸಂಗಡಿಗನೂ ಸೆರೆಯಾದರು, ವಿಚಾರಣೆ ಸಾಗಿದೆ. ಅದು ಶುರುವಾದ ಮರುವಾರವೇ ಇಬ್ಬರು ಮುಖಂಡರೂ, ನ್ಯಾಯ ಕೊಡಿಸಿದ್ದು ತಾವೇ ಎಂದು ಸಿಂದಗಿಯ ವೃತ್ತದಲ್ಲಿ ಅಕ್ಕಪಕ್ಕ ಬ್ಯಾನರ್ ಕಟ್ಟಿಸಿದರು. ನಾನು ಕುದ್ದುಹೋದೆ. ಗುರುಗಳು ಬ್ಯಾನರಿನತ್ತ ತಲೆ ಎತ್ತದೆ, "ಗುಂಡವ್ವನ ಸಾಕ್ಷಿ ಯಾವತ್ತೈತಿ?" ಎಂದು ಕೇಳಿದರು.

ನಿವೃತ್ತಿಯ ನಂತರ ಇಂಡಿಯ ನನ್ನ ಕಚೇರಿಯಲ್ಲಿ ಕುಳಿತು, ಠಾಣೆಯಿಂದ ಠಾಣೆಗೆ ಅಲೆದವರ ಅಹವಾಲು ಕೇಳುವುದಾಗಿ ಹೇಳಿದ್ದಾರೆ, ಕುರ್ಚಿ ಹಾಕಿಸಿದ್ದೇನೆ. ಗುರುಗಳು ನೂರು ವರ್ಷ ಬಾಳಲೆಂದು ಹಾರೈಸುವುದು ವಾಡಿಕೆ. ತನಿಖಾ ಸಂಸ್ಥೆಗಳು ಸುಧಾರಿಸಿದ್ದನ್ನು ಅವರು ಕಣ್ಣಾರೆ ಕಾಣಲಿ ಎಂಬುದು ನನ್ನ ಹಾರೈಕೆ. ನಮ್ಮ ನಾಯಕರ ವೇಗ ಬಲ್ಲವರಿಗೆ, ನಾನು ನೂರಕ್ಕಿಂತ ಎಷ್ಟೋ ಹೆಚ್ಚು ಬೇಡಿದ್ದೇನೆಂದು ತಿಳಿದೀತು.