ರಿವರ್ಸ್ ಗೇರಿನಲ್ಲಿ ಪಿಳ್ಳೆಯಾರ್ ಕೋವಿಲ್‌ವರೆಗೆ

ಕಿರ್‍ರ್... ಆಮೇಲೆ ಒಂದು ಸಣ್ಣ ‘ಟಕ್’. ತುಕ್ಕು ಹಿಡಿದ ನಟ್ಟು ಕೊನೆಗೂ ಹಟ ಬಿಡುವ ಶಬ್ದ. ಐವತ್ತರ ದಶಕದಲ್ಲಿ, ಸೇಲಂನ ನಮ್ಮ ಪಕ್ಕದ ಮನೆಯ ಶೆಡ್ಡಿನಿಂದ ಹಗಲೆಲ್ಲ ಕೇಳಿಸುತ್ತಿತ್ತು. ಮೊನ್ನೆ ಪ್ಲಂಬರ್ ನಮ್ಮ ಬಾತ್‌ರೂಮಿನ ಹಳೆಯ ಪೈಪು ಬಿಚ್ಚುವಾಗ ಅದೇ ಶಬ್ದ ಬಂತು. ನನ್ನ ಕಾಫಿ ಅಲ್ಲೇ ಆರಿತು.

ಪಕ್ಕದ ಮನೆಯಾಕೆಯನ್ನು ನಾನು ಅತ್ತೆ ಅನ್ನುತ್ತಿದ್ದೆ. ನೆಂಟಸ್ತನವೇನಿಲ್ಲ, ಬೀದಿಯಲ್ಲಿ ಕನ್ನಡದವರದು ಎರಡೇ ಮನೆ. ಅವರ ಗಂಡ ಮೆಕ್ಯಾನಿಕ್. ಏರ್ಕಾಡಿನ ಕಾಫಿ ತೋಟದ ದೊರೆಯೊಬ್ಬ ಬಿಟ್ಟುಹೋದ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ರಿಪೇರಿ ಮಾಡುತ್ತಾ ಅರ್ಧದಲ್ಲೇ ತೀರಿಕೊಂಡರು. ಅಷ್ಟು ವರ್ಷ ಪಕ್ಕದಲ್ಲಿ ಕೂತು ಸ್ಪ್ಯಾನರ್ ಎತ್ತಿಕೊಟ್ಟಿದ್ದ ಅತ್ತೆ, ತಿಥಿ ಮುಗಿದ ಮೇಲೆ ಸ್ಪ್ಯಾನರನ್ನು ತಾವೇ ಹಿಡಿದರು. ಬಿಳಿ ಸೀರೆಯ ತುಂಬ ಗ್ರೀಸು... ಬೀದಿಗೆ ಅದೇ ಮಾತು.

ನಾನಾಗ ಕಾನ್ವೆಂಟ್ ಮುಗಿಸಿ, ಮದುವೆ ಗೊತ್ತಾಗಲೆಂದು ಮನೆಯಲ್ಲಿ ಕೂತವಳು. ಫ್ರ್ಯಾಂಕ್ಲಿ, ಐ ವಾಸ್ ಬೋರ್ಡ್. ಹಿತ್ತಲಿನಿಂದ ಶೆಡ್ಡಿಗೆ ನುಸುಳುತ್ತಿದ್ದೆ.

ಒಂದು ದಿನ ಅತ್ತೆಯ ಮೈದುನ ಬಂದ. ಕೊಯಮತ್ತೂರಿನಲ್ಲಿ ಯಾರದೋ ಇಂಥದೇ ಕಾರಿಗೆ ಪಾರ್ಟ್ಸ್ ಬೇಕಂತೆ, ಇದನ್ನು ಬಿಚ್ಚಿ ಕೊಡುತ್ತಾನಂತೆ.

“ಅಣ್ಣನ ಸೊತ್ತು ಅತ್ತಿಗೆ. ಕೋಳಿ ಮಲಗಾಕೆ ಯಾಕೆ ಬಿಡೋದು?”

“ಓಡ್ತೈತೆ ಇದು.”

“ಓ! ಮೂಲೆ ಗಣಪನ ಗುಡಿ ಐತಲ್ಲ, ಪಿಳ್ಳೆಯಾರ್ ಕೋವಿಲ್, ಅಲ್ಲೀಗಂಟ ಓಡಿಸಿಬಿಡಿ. ಬೀದಿ ಮುಂದೆ ಹೇಳ್ತಿವ್ನಿ, ಆಮೇಲೆ ನಾನು ಮುಟ್ಟಾಕಿಲ್ಲ. ಬರೋ ಶುಕ್ರವಾರ ಎಳ್ಕೊಂಡೋಗಾಕೆ ಹಗ್ಗ ತಕ್ಕೊಂಡೇ ಬರ್ತೀನಿ.”

ಎಂಜಿನ್ ಸರಿಯಿತ್ತು. ಹಿಂದಿನ ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ ಮುರಿದಿತ್ತು. ಕಾರಿಮಂಗಲಂ ಹತ್ತಿರದ ಕಡಲೆಕಾಯಿ ಹೊಲವೊಂದರಲ್ಲಿ ಅದೇ ಜಾತಿಯ ಕಾರೊಂದು ಮಗುಚಿಬಿದ್ದು ವರ್ಷಗಳಾಗಿದ್ದವು. ಕಾನ್ವೆಂಟಿನ ಸಿಸ್ಟರ್‌ಗಳನ್ನು ನೋಡಿಬರುತ್ತೇನೆಂದು ಅಮ್ಮನಿಗೆ ಸುಳ್ಳು ಹೇಳಿ, ಅತ್ತೆಯ ಜೊತೆ ಬಸ್ಸು ಹತ್ತಿದೆ.

ಹೊಲದ ಗೌಡರು ನಕ್ಕರು. “ಎತ್ತು ಸತ್ರೆ ಚರ್ಮಾನಾರಾ ಸಿಗ್ತೈತೆ. ಇದ್ರಾಗೆ ಏನೈತಮ್ಮಾ?”

“ಹಲ್ಲು ಐತೆ ಗೌಡ್ರೇ. ಕಿತ್ಕೊಂಡೋಗಾಕೆ ಬಂದೀವಿ.”

ಸತ್ತ ಗಾಡಿಯಿಂದ ಏನು ತೆಗೆಯುವುದಿದ್ದರೂ ಮೊದಲು ಕುಂಕುಮವಿಟ್ಟು ಕೇಳಿಕೊಳ್ಳುವುದು ಅವರ ಗಂಡನ ಪದ್ಧತಿ. ಗಂಡ ಸತ್ತವರು ಕುಂಕುಮ ಮುಟ್ಟುವಂತಿಲ್ಲವಲ್ಲ, ನಾನು ಕೈ ಚಾಚಿದೆ. ಅತ್ತೆ ಪೊಟ್ಟಣ ಕೊಡಲಿಲ್ಲ. ಆಕಾಶ ನೋಡುತ್ತಿದ್ದ ಆಕ್ಸಲ್‌ಗೆ ತಾವೇ ಇಟ್ಟರು. ಬೆರಳು ಒರೆಸಿಕೊಳ್ಳಲೂ ಇಲ್ಲ.

ಬಿಚ್ಚಿದ ಒಂದೊಂದಕ್ಕೂ ಚೀಟಿ ಕಟ್ಟಿದವಳು ನಾನು. ಲೆಫ್ಟ್, ರೈಟ್... ಎಷ್ಟು ಬ್ಯೂಟಿಫುಲ್ ಹ್ಯಾಂಡ್‌ರೈಟಿಂಗ್! ಮನೆಯ ಕಾರಿನ ಹಲ್ಲುಚಕ್ರವನ್ನು ಅತ್ತೆಯ ಗಂಡ ಎಂದೋ ಬಿಚ್ಚಿಟ್ಟಿದ್ದರಿಂದ, ಹೊಸದನ್ನು ಯಾವ ಬದಿಗೆ ಕೂರಿಸಬೇಕೆನ್ನುವುದಕ್ಕೆ ಆ ಚೀಟಿಗಳೇ ಗತಿ.

ಶುಕ್ರವಾರ ಬೀದಿಯೆಲ್ಲ ಸೇರಿತ್ತು. ಅತ್ತೆ ಸೆರಗು ಬಿಗಿದು ಕೂತರು, ನಾನು ಪಕ್ಕದಲ್ಲಿ. ಎಂಜಿನ್ ಹಿಡಿಯಿತು. ಫಸ್ಟ್ ಗೇರ್ ಹಾಕಿದರು. ಕಾರು ಗಬಕ್ಕನೆ ಹಿಂದಕ್ಕೆ ಹಾರಿ ಶೆಡ್ಡಿನ ಗೋಡೆಗೆ ಗುದ್ದಿತು.

“ವಂಡಿ ಪಿನ್ನಾಡಿ ಪೋಗುದು ಡೋಯ್!” ಗಾಡಿ ಹಿಂದಕ್ಕೆ ಹೋಗ್ತಿದೆ ಅಂತ ಯಾರೋ ತಮಿಳಿನಲ್ಲಿ ಕೂಗಿದರು. ಮೈದುನ ಹೊಟ್ಟೆ ಹಿಡಿದುಕೊಂಡು ನಗುತ್ತಾ ಹಗ್ಗ ಬಿಚ್ಚಿದ.

ನನಗೆ ಆಗ ಹೊಳೆಯಿತು. ಹೊಲದ ಆ ಕಾರು ಬೆನ್ನಡಿಯಾಗಿ ಬಿದ್ದಿತ್ತು. ನಾನು ಅದರ ಹಿಂದೆ ನಿಂತು, ನನ್ನ ಎಡವನ್ನೇ ಲೆಫ್ಟ್ ಎಂದು ಬರೆದಿದ್ದೆ. ಹಲ್ಲುಚಕ್ರ ತಪ್ಪು ಬದಿಗೆ ಕೂತು ಗೇರುಗಳೆಲ್ಲ ತಿರುಗುಮುರುಗಾಗಿದ್ದವು. ಐ ವಾಂಟೆಡ್ ಟು ಡೈ. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದರು. ಅವರಿಗೂ ಹೊಳೆದಿರಬೇಕು.

“ಯಾರು ಜೋಡಿಸಿದ್ದು ಅತ್ತಿಗೆ ಇದನ್ನ?”

“ನಾನೇ,” ಅಂದರು. ರಿವರ್ಸ್ ಗೇರ್ ಹಾಕಿದರು.

ಕಾರು ಊಳಿಡುತ್ತಾ, ಆಮೆಯಂತೆ, ಮುಂದಕ್ಕೆ ಹೊರಟಿತು! ಕೋವಿಲ್ ಮುಂದೆ ನಿಲ್ಲಿಸಿ ಪಿಳ್ಳೆಯಾರಿಗೆ ಕೈಮುಗಿದರು. ಇನ್ನು ಮನೆಗೆ. ಫಸ್ಟ್, ಸೆಕೆಂಡ್, ಥರ್ಡ್... ಕತ್ತು ಹಿಂದಕ್ಕೆ ಹೊರಳಿಸಿ, ಬೀದಿಯುದ್ದಕ್ಕೂ ಹಿಂದುಹಿಂದಕ್ಕೇ ಬಿರುಸಾಗಿ ಬಂದೆವು. ಜನ ಜಗಲಿ ಹತ್ತಿದರು. ಮೈದುನನ ಹಗ್ಗ ಚಕ್ರದಡಿ ಹೋಯಿತು.

“ಓಡ್ಸಿ ಅಂದೆ, ಓಡ್ಸಿದ್ನಪ್ಪಾ. ಯಾವ ಗೇರು ಅಂತ ಹೇಳಿದ್ಯಾ?”

ಚೀಟಿಯ ವಿಷಯವನ್ನು ಅವರು ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. ಮತ್ತೆ ಬಿಚ್ಚಿ ಸರಿಯಾಗಿ ಕೂರಿಸುವಾಗ ನನಗೊಬ್ಬಳಿಗೇ ಅಂದರು: “ಎಡ ಬಲ ನಿಂದಲ್ಲ ಕಣವ್ವಾ, ಗಾಡೀದು. ಒಳಗೆ ಕುಂತು ಹೇಳ್ಬೇಕು.”

ಅತ್ತೆ ತೀರಿಕೊಂಡದ್ದು ನನಗೆ ತಿಳಿದದ್ದು ಕಾಗದದಲ್ಲಿ, ತಿಂಗಳಾದ ಮೇಲೆ. ಕಾರನ್ನು ಕೊನೆಗೆ ಬಿಚ್ಚಿದರಂತೆ. ಯಾವ ಯಾವ ಕಾರಿನೊಳಗೆ ಅದರ ಯಾವ ತುಂಡು ಸೇರಿತೋ...

ಕಡೆಯ ಸಲ ಅವರನ್ನು ಕಂಡದ್ದು ನನ್ನ ಮದುವೆಯ ಮರುದಿನ. ಛತ್ರದೊಳಕ್ಕೆ ಅವರನ್ನು ಯಾರೂ ಕರೆದಿರಲಿಲ್ಲ. ಧರ್ಮಪುರಿಗೆ ಹೊರಟ ದಿಬ್ಬಣದ ಕಾರು ತೊಪ್ಪೂರು ಘಾಟಿಯಲ್ಲಿ ತೇಕುತ್ತಿತ್ತು. ಹಿಂದಿನಿಂದ ಹಾರನ್. ಬಿಳಿ ಸೆರಗು ತಲೆಗೆ ಕಟ್ಟಿ, ಬಾನೆಟ್ಟಿಗೆ ಅಂಗೈಯಗಲ ಕುಂಕುಮ ಬಳಿದು, ಅತ್ತೆ ನಮ್ಮನ್ನು ಓವರ್‌ಟೇಕ್ ಮಾಡಿದರು. ಗಂಡ ಸತ್ತವಳು ಮದುಮಗಳ ಮುಂದೆ ಹಾದಳಲ್ಲಾ ಎಂದು ನಮ್ಮ ಕಾರಿನವರೆಲ್ಲ ಹೌಹಾರಿದರು. ನಾನೊಬ್ಬಳೇ ಜೋರಾಗಿ ನಕ್ಕೆ.

ಅವರು ತಿರುಗಿ ನೋಡಲಿಲ್ಲ. ಒಂದು ಕೈ ಮೇಲೆತ್ತಿದರು, ಅಷ್ಟೆ. ಮುಂದಿನ ತಿರುವಿನಲ್ಲಿ ಎಡಕ್ಕೆ, ಗಾಡಿಯ ಎಡಕ್ಕೆ, ಮರೆಯಾದರು.